ಸಂಪಾದಕರ ಹೊಣೆ

ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1970ರಿಂದ ತನ್ನದೇ ಸಂಶೋಧನಾ ಪತ್ರಿಕೆ ಹೊರತರುತ್ತಿದೆ. ಇಂಥ ಪತ್ರಿಕೆಯ ಸಾರಥ್ಯ ವಹಿಸಿಕೊಳ್ಳುವವರ ಮುಂದೆ ದೊಡ್ಡ ಕೆಲಸವಿದೆ. ಮಗುವಿನ ಮಾತು ತಡವಾದಾಗ, ಪಾರ್ಶ್ವವಾಯುವಿನಿಂದ ಹಿರಿಯರ ಮಾತು ನಿಂತಾಗ, ಇಂಗ್ಲಿಷ್‌ಗೆ ರೂಪಿಸಿದ ಪರೀಕ್ಷೆಗಳನ್ನು ಅನುವಾದಿಸಿದರೆ ಸಾಲದು. ವಿಭಕ್ತಿ ಪ್ರತ್ಯಯ, ಒತ್ತಕ್ಷರಗಳ ಕನ್ನಡಕ್ಕೆ ಅದರದೇ ಅಳತೆಗೋಲು ಬೇಕು. ಮನೆಯಲ್ಲಿ ತುಳುವೋ ಉರ್ದುವೋ ಆಡಿ ಶಾಲೆಯಲ್ಲಿ ಕನ್ನಡ ಕಲಿಯುವ ಮಗುವನ್ನು ಎರಡೂ ಭಾಷೆಗಳಲ್ಲಿ ಪರೀಕ್ಷಿಸಬೇಕು. ಹೊಸ ಸಂಪಾದಕರು ಇಂಥ ಅಧ್ಯಯನಗಳಿಗೆ ಆದ್ಯತೆ ಕೊಡಲಿ. ಫಲ ಕೊಡದ ಚಿಕಿತ್ಸೆಯ ವರದಿಯೂ ಪ್ರಕಟವಾಗಲಿ. ಅದು ಮತ್ತೊಬ್ಬ ರೋಗಿಯ ಸಮಯ ಉಳಿಸುತ್ತದೆ. ಪ್ರತಿ ಲೇಖನದ ಸಾರಾಂಶವನ್ನು ಸರಳ ಕನ್ನಡದಲ್ಲೂ ಕೊಟ್ಟರೆ ಅಂಗನವಾಡಿ ಕಾರ್ಯಕರ್ತೆಗೂ ಪೋಷಕರಿಗೂ ಸಂಶೋಧನೆಯ ಪ್ರಯೋಜನ ಸಿಗುತ್ತದೆ. ತೊಂದರೆ ಬೇಗ ಪತ್ತೆಯಾದಷ್ಟೂ ಚಿಕಿತ್ಸೆ ಫಲಿಸುವ ಸಾಧ್ಯತೆ ಹೆಚ್ಚು.