ಮುಕ್ತಾಯದ ಮಾತು

ಈಚೆಗೆ ಕ್ರೋಂಪೇಟೆಯ ನಮ್ಮ ಮನೆಯಲ್ಲಿ ಕೆಲವರು ಗೆಳೆಯರು ಕೂಡಿ, ಷೇಕ್ಸ್‌ಪಿಯರನ ‘ರೋಮಿಯೋ ಮತ್ತು ಜೂಲಿಯೆಟ್’ ನಾಟಕವನ್ನು ಆಧರಿಸಿ ರಷ್ಯದ ಸೆರ್ಗೈ ಪ್ರೊಕೊಫೀವ್ ರಚಿಸಿದ ಬ್ಯಾಲೆ ಸಂಗೀತವನ್ನು ಆಲಿಸಿದೆವು. 1935ರಲ್ಲಿ ಅವನು ಅದನ್ನು ಮೊದಲು ರಚಿಸಿದಾಗ ಪ್ರೇಮಿಗಳಿಬ್ಬರೂ ಬದುಕಿ ಉಳಿಯುತ್ತಿದ್ದರೆಂಬ ಸಂಗತಿಯನ್ನು ಕೇಳಿ ಗೆಳೆಯರು ಅದನ್ನು ದಿಟ್ಟ ಪ್ರಯೋಗವೆಂದರು. ಅದೇ ನಾಟಕವನ್ನು 1889ರಲ್ಲಿ ‘ರಾಮವರ್ಮ ಲೀಲಾವತಿ’ಯಾಗಿ ಕನ್ನಡಕ್ಕೆ ತಂದ ಆನಂದರಾಯರೂ ಮಡಿದ ಪ್ರೇಮಿಗಳನ್ನು ದೈವಕೃಪೆಯಿಂದ ಬದುಕಿಸಿದರೆಂದು ನಾನು ನೆನಪಿಸಿದಾಗ ಮಾತ್ರ ನಕ್ಕರು. ಈ ಪಕ್ಷಪಾತ ಅವರದಷ್ಟೇ ಅಲ್ಲ, ನಮ್ಮ ವಿಮರ್ಶೆಯದೂ ಹೌದು.

ಪ್ರೊಕೊಫೀವನ ಕಾರಣ ಸರಳವಾಗಿತ್ತು: ಬದುಕಿರುವವರು ಕುಣಿಯಬಲ್ಲರು, ಸಾಯುತ್ತಿರುವವರು ಕುಣಿಯಲಾರರು. ಆದರೆ ಕೊನೆಯ ಭಾಗದ ಸಂಗೀತದಲ್ಲಿ ನಿಜವಾದ ಆನಂದವೇ ಇಲ್ಲವೆಂದು ಯಾರೋ ಆಡಿದ ಮಾತು ಅವನಿಗೆ ಸರಿಯೆನಿಸಿತು. ನೃತ್ಯ ಸಂಯೋಜಕರೊಡನೆ ಚರ್ಚಿಸಿದಾಗ ಸಾವನ್ನೂ ನೃತ್ಯದಲ್ಲಿ ತೋರಬಹುದೆಂದು ತಿಳಿದು, ಮುಕ್ತಾಯವನ್ನು ಬದಲಿಸಿದನು. 1938ರಲ್ಲಿ ಬ್ರನೋ ನಗರದಲ್ಲಿಯೂ 1940ರಲ್ಲಿ ಲೆನಿನ್‌ಗ್ರಾಡಿನಲ್ಲಿಯೂ ರಂಗವೇರಿದ್ದು ಈ ದುರಂತ ರೂಪವೇ. ಅವನು ತಿದ್ದಿಕೊಂಡದ್ದು ಷೇಕ್ಸ್‌ಪಿಯರನಿಗೆ ಅಂಜಿ ಅಲ್ಲ. ತನ್ನ ಸಂಗೀತ ಅದಾಗಲೇ ನುಡಿದಿದ್ದ ಶೋಕಕ್ಕೆ ಮಣಿದು ಎಂಬುದು ಇಲ್ಲಿ ಗಮನಾರ್ಹ.

ನಮ್ಮಲ್ಲಿಯೂ ಇದಕ್ಕೆ ನಿದರ್ಶನವುಂಟು. ಭೀಮನ ವಿಜಯವನ್ನು ಕೊಂಡಾಡಲು ರನ್ನನು ರಚಿಸಿದ ‘ಗದಾಯುದ್ಧ’ವನ್ನು ಬಿ.ಎಂ. ಶ್ರೀಕಂಠಯ್ಯನವರು 1926ರ ‘ಗದಾಯುದ್ಧ ನಾಟಕಂ’ ಕೃತಿಯಲ್ಲಿ ದುರ್ಯೋಧನನ ರುದ್ರನಾಟಕವಾಗಿಸಿದರು. ಮೂಲದ ಉದ್ದೇಶವನ್ನೇ ತಿರುಗಿಸಿದ ಆ ಕಾರ್ಯವನ್ನು ನಾವು ಪ್ರತಿಭೆಯೆಂದು ಮನ್ನಿಸುತ್ತೇವೆ. ಅದು ಯುಕ್ತವೇ. ಏಕೆಂದರೆ ಛಲದಂಕಮಲ್ಲನ ಬಗೆಗಿನ ಮರುಕ ರನ್ನನ ಕಾವ್ಯದೊಳಗೇ ಹರಿಯುತ್ತಿತ್ತು. ಶ್ರೀಯವರು ಅದಕ್ಕೆ ಕಿವಿಗೊಟ್ಟರು. ಹಾಗಾದರೆ ಸುಖಾಂತವನ್ನು ದುಃಖಾಂತವಾಗಿಸುವುದು ಸೃಷ್ಟಿ, ದುಃಖಾಂತವನ್ನು ಸುಖಾಂತವಾಗಿಸುವುದು ಅಜ್ಞಾನ ಎಂಬ ನಿಯಮವನ್ನು ನಮಗೆ ವಿಧಿಸಿದವರು ಯಾರು? ದುರಂತವೇ ಶ್ರೇಷ್ಠವೆಂಬ ಪಾಶ್ಚಾತ್ಯ ಅಳತೆಗೋಲನ್ನು ನಾವು ಪರೀಕ್ಷಿಸದೆಯೇ ಕೈಗೆತ್ತಿಕೊಂಡೆವು. ಮಂಗಳದಲ್ಲಿ ಮುಗಿಯುವ ಸಂಸ್ಕೃತ ನಾಟಕಗಳ ಪರಂಪರೆಯಲ್ಲಿ ಬೆಳೆದ ಪ್ರೇಕ್ಷಕರಿಗಾಗಿ ಬರೆದ ಲೇಖಕರನ್ನು ಆ ಕೋಲಿನಿಂದ ಅಳೆದು ಕಿರಿದುಗೊಳಿಸಿದೆವು.

ಆನಂದರಾಯರ ಮುಕ್ತಾಯ ಸಫಲವೆಂದು ನಾನು ವಾದಿಸುತ್ತಿಲ್ಲ. ಅದು ಸೋತಿರಲೂಬಹುದು. ಆದರೆ ಸೋಲು ಗೆಲುವುಗಳು ಆ ನಾಟಕದೊಳಗಿನಿಂದಲೇ ತೀರ್ಮಾನವಾಗಬೇಕು. ಕೊನೆಯ ಅಂಕ ಹಿಂದಿನ ಅಂಕಗಳಿಗೆ ಉತ್ತರವಾಗಿದೆಯೇ ಎಂದು ಕೇಳಬೇಕೇ ಹೊರತು, ಷೇಕ್ಸ್‌ಪಿಯರನಿಂದ ಎಷ್ಟು ದೂರ ಸರಿದಿದೆಯೆಂದಲ್ಲ. ಹಾಗೆ ಕೇಳಲು ಮೊದಲು ಕೃತಿಯನ್ನು ಓದಬೇಕು. ಸಾಹಿತ್ಯ ಚರಿತ್ರೆಯ ಒಂದು ವಾಕ್ಯದಲ್ಲಿ ರೂಪಾಂತರಗಳನ್ನು ಮುಗಿಸಿಬಿಡುವ ನಮ್ಮ ಕನ್ನಡ ವಿಭಾಗಗಳು, ಆ ಹಳೆಯ ನಾಟಕಗಳನ್ನು ಮತ್ತೆ ತರಗತಿಯೊಳಕ್ಕೆ ತರಬೇಕಾಗಿದೆ. ಪರದೇಶದ ಸಂಗೀತಗಾರನಿಗೆ ನಾವು ಸಲ್ಲಿಸುವ ತಾಳ್ಮೆಯ ಕಿವಿ ನಮ್ಮ ಹಿರಿಯರಿಗೂ ಸಲ್ಲಬೇಡವೇ?