ಮೂಲಪುರುಷನ ಊರು ಯಾವುದು?

ವಲಸೆ ಬಂದ ರೈತ ಪೂರ್ವಜನನ್ನು ಹುಡುಕುವವರು ಮೊದಲು ತಹಸೀಲ ಕಚೇರಿಯ ಮೆಟ್ಟಿಲೇರುತ್ತಾರೆ. ಸಾತಬಾರಾ ಉತಾರೆಯಲ್ಲಿ ಹೊಲ ಸಿಗುತ್ತದೆ; ಅವನು ಬಂದ ದಾರಿ ಸಿಗುವುದಿಲ್ಲ. ಕಂದಾಯದ ಕಾಗದಕ್ಕೆ ಬೇಕಾದವನು ನೆಲ ಉಳುವವನೇ ಹೊರತು ನೆಲ ಬಿಟ್ಟು ಹೊರಟವನಲ್ಲ.

ಅಕ್ಕಲಕೋಟೆ, ಜತ್ತ, ಸೊಲ್ಲಾಪುರ ಸೀಮೆಯ ಕನ್ನಡ ಮನೆತನಗಳಿಗೆ ಇನ್ನೆರಡು ಆಧಾರಗಳಿವೆ. ಒಂದು, ಅಡ್ಡಹೆಸರು. ಇಂಡಿಯಲ್ಲೇ ಇರುವವನನ್ನು ನೆರೆಯವರು ಇಂಡಿಯವನೆಂದು ಕರೆಯುವುದಿಲ್ಲ. ಊರು ಬಿಟ್ಟು ಬಂದವನಿಗೆ ಆ ಹೆಸರು ಅಂಟುತ್ತದೆ. ಮುಂದೆ ಅದಕ್ಕೆ ಮರಾಠಿಯ 'ಕರ' ಸೇರಿದರೂ ಒಳಗಿನ ಊರು ಅಳಿಯುವುದಿಲ್ಲ. ಇನ್ನೊಂದು, ಹೆಳವ. ಎತ್ತಿನೊಡನೆ ಬಂದು, ವಂಶಾವಳಿ ಹೇಳಿ, ಜೋಳ ಪಡೆದು ಹೋಗುವ ಅವನಲ್ಲಿ ಮೂಲಸ್ಥಳದ, ಕವಲೊಡೆದ ಮನೆಗಳ ವಿವರವಿರುತ್ತದೆ.

ಆದರೆ ಹೆಳವನ ಮಾತೊಂದೇ ಪ್ರಮಾಣವಲ್ಲ. ಕಾಳು ಕೊಡುವ ಮನೆಯನ್ನು ಹೊಗಳುವುದೂ ಅವನ ವೃತ್ತಿಧರ್ಮ. 1876–78ರ ಬರದಲ್ಲಿ ಹಸಿದು ಬಂದವನು ಅವನ ಬಾಯಲ್ಲಿ ಗೌಡಿಕೆ ತೊರೆದು ಬಂದವನಾಗಬಹುದು. ಅದನ್ನು ಒರೆಗೆ ಹಚ್ಚಲು ಹಳೆಯ ಕುಲಕರ್ಣಿ ದಫ್ತರದ ಮೋಡಿ ಲಿಪಿಯ ಕಾಗದಗಳು ಬೇಕು. ಮರಾಠಿಯನ್ನು ದೂರವಿಟ್ಟು ಈ ಸೀಮೆಯ ಕನ್ನಡ ಮನೆಯ ಚರಿತ್ರೆ ಬರೆಯಲಾಗದು.

ಈ ಎಲ್ಲ ಆಧಾರಗಳಲ್ಲೂ ಹೆಣ್ಣುಮಕ್ಕಳ ಹೆಸರು ವಿರಳ. ಯಾವ ಊರಿನಿಂದ ಸೊಸೆ ತಂದರು, ಯಾವ ಊರಿಗೆ ಮಗಳನ್ನು ಕೊಟ್ಟರು ಎಂಬುದನ್ನು ಬಲ್ಲವಳು ಅಜ್ಜಿ. ವಲಸೆಯ ದಾರಿ ಹಲವು ಸಲ ಆ ಬೀಗತನದ ಊರುಗಳಲ್ಲೇ ಉಳಿದಿರುತ್ತದೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಹುಡುಕಾಟವನ್ನು ಅಲ್ಲಿಂದಲೇ ಆರಂಭಿಸಬೇಕು. ದಫ್ತರದ ಕಾಗದ ಇನ್ನಷ್ಟು ದಿನ ಕಾಯಬಹುದು, ಅಜ್ಜಿ ಕಾಯಲಾರಳು.