ಬಾಗಿಲಿಗೆ ನಾಣ್ಯ, ಬೀಗಕ್ಕೆ ಟೆನಿಸ್ ಚೆಂಡು: ಪ್ರವಾಸದಲ್ಲಿ ಪಾರ್ಕ್ ಮಾಡಿದ ಕಾರಿಗೆ ನಿಜವಾದ ಅಪಾಯ ಯಾವುದು?

ರಜೆ ಹತ್ತಿರ ಬಂತೆಂದರೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಕಾರು ಕಳ್ಳತನದ ಎಚ್ಚರಿಕೆಗಳು ಮತ್ತೆ ಓಡಾಡಲು ಶುರುವಾಗುತ್ತವೆ. ಬಾಗಿಲ ಹಿಡಿಯಲ್ಲಿ ನಾಣ್ಯ ಸಿಕ್ಕಿಸಿದರೆ ಕಾರು ಲಾಕ್ ಆಗುವುದಿಲ್ಲವಂತೆ, ತೂತು ಮಾಡಿದ ಟೆನಿಸ್ ಚೆಂಡಿನಿಂದ ಬೀಗ ತೆರೆಯಬಹುದಂತೆ, ರಿಮೋಟ್ ಒತ್ತಿದ ಕೂಡಲೇ ಕಳ್ಳರು ಕೋಡ್ ಕದಿಯುತ್ತಾರಂತೆ, ಅದಕ್ಕೆ ಕೀಲಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಬೇಕಂತೆ. ಕೊನೆಯಲ್ಲಿ ‘ಎಲ್ಲರಿಗೂ ಕಳಿಸಿ’ ಎಂಬ ಸಾಲು ಇದ್ದೇ ಇರುತ್ತದೆ.

ಇವುಗಳಲ್ಲಿ ಎರಡು ಸುಳ್ಳು, ಒಂದು ಅರ್ಧ ನಿಜ, ಒಂದು ಬಹುಮಟ್ಟಿಗೆ ನಿಜ. ಆದರೆ ಇವೆಲ್ಲವನ್ನೂ ಓದಿ ಬಾಗಿಲಲ್ಲಿ ನಾಣ್ಯ ಹುಡುಕುವವರೇ ಹಿಂದಿನ ಸೀಟಿನ ಮೇಲೆ ಲ್ಯಾಪ್‌ಟಾಪ್ ಬ್ಯಾಗ್ ಬಿಟ್ಟು ಜಲಪಾತ ನೋಡಲು ಹೋಗುತ್ತಾರೆ. ಹಾಗಾಗಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂದು ಒಂದೊಂದಾಗಿ ನೋಡೋಣ.

ನಾಣ್ಯದಿಂದ ಲಾಕ್ ತಡೆಯಬಹುದೇ?

ಇಲ್ಲ. ಕಾರಿನ ಬೀಗ ಇರುವುದು ನಾವು ಹಿಡಿದು ಎಳೆಯುವ ಹಿಡಿಯಲ್ಲಿ ಅಲ್ಲ, ಬಾಗಿಲ ಒಳಗಿರುವ ಲ್ಯಾಚ್‌ನಲ್ಲಿ. ಹೊರಗಿನ ಹಿಡಿ ಕೇವಲ ಒಂದು ಸನ್ನೆ. ಒಂದು ಕಂಬಿ ಅಥವಾ ಕೇಬಲ್ ಮೂಲಕ ಅದು ಲ್ಯಾಚ್ ಜೊತೆ ಸೇರಿಕೊಂಡಿರುತ್ತದೆ. ಲಾಕ್ ಮಾಡಿದಾಗ ಆ ಸಂಪರ್ಕ ತಪ್ಪುತ್ತದೆ, ಹಿಡಿ ಎಷ್ಟು ಎಳೆದರೂ ಬಾಗಿಲು ತೆರೆಯುವುದಿಲ್ಲ. ಹಿಡಿಯ ಸಂದಿನಲ್ಲಿ ಸಿಕ್ಕ ನಾಣ್ಯಕ್ಕೆ ಲ್ಯಾಚ್ ತಲುಪುವ ದಾರಿಯೇ ಇಲ್ಲ.

ಟೆನಿಸ್ ಚೆಂಡು?

ಇದೂ ಸುಳ್ಳು. ಕೀಲಿ ತೂತಿಗೆ ಚೆಂಡು ಒತ್ತಿದರೆ ಗಾಳಿಯ ಒತ್ತಡದಿಂದ ಬೀಗ ತೆರೆಯುತ್ತದೆ ಎನ್ನುವ ವಿಡಿಯೋ ವರ್ಷಗಳಿಂದ ಸುತ್ತುತ್ತಿದೆ. ಕೀಲಿ ತೂತು ಗಾಳಿ ಹೊರಹೋಗದಂತೆ ಮುಚ್ಚಿದ ಕೊಳವೆಯಲ್ಲ. ಒಳಗೆ ಹೋದ ಗಾಳಿ ಸಂದುಗಳಿಂದ ಸೋರಿಹೋಗುತ್ತದೆ. ಹಳೆಯ ಕೆಲವು ಮರ್ಸಿಡಿಸ್ ಕಾರುಗಳಲ್ಲಿ ಸೆಂಟ್ರಲ್ ಲಾಕ್ ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತಿದ್ದುದು ನಿಜ. ಆದರೆ ಆ ವ್ಯವಸ್ಥೆಗೆ ಪ್ರತ್ಯೇಕ ಪಂಪ್ ಮತ್ತು ಕೊಳವೆಗಳಿದ್ದವು, ಕೀಲಿ ತೂತಿನ ಮೂಲಕ ಗಾಳಿ ಹೋಗುತ್ತಿರಲಿಲ್ಲ. ಇಂದಿನ ಕಾರುಗಳಲ್ಲಿ ಲಾಕ್ ಎಳೆಯುವುದು ಪುಟ್ಟ ವಿದ್ಯುತ್ ಮೋಟಾರ್.

ರಿಮೋಟ್ ಕೋಡ್ ಕದಿಯುತ್ತಾರೆಯೇ?

ಇದು ಅರ್ಧ ನಿಜ. ಮೊದಮೊದಲ ರಿಮೋಟ್‌ಗಳು ಪ್ರತಿ ಸಲವೂ ಒಂದೇ ಕೋಡ್ ಕಳಿಸುತ್ತಿದ್ದವು. ಅದನ್ನು ಹಿಡಿದಿಟ್ಟುಕೊಂಡು ಮತ್ತೆ ಕಳಿಸಿದರೆ ಕಾರು ತೆರೆಯುತ್ತಿತ್ತು. ಆಮೇಲೆ ಬಂದದ್ದು ರೋಲಿಂಗ್ ಕೋಡ್. ಇದರಲ್ಲಿ ಪ್ರತಿ ಸಲ ಒತ್ತಿದಾಗಲೂ ಕೋಡ್ ಬದಲಾಗುತ್ತದೆ, ಒಮ್ಮೆ ಬಳಸಿದ ಕೋಡನ್ನು ಕಾರು ಮತ್ತೆ ಒಪ್ಪುವುದಿಲ್ಲ. ಇದನ್ನೂ ದಾಟುವ ದಾರಿಯನ್ನು 2015ರಲ್ಲಿ ಅಮೆರಿಕದ ಸ್ಯಾಮಿ ಕಾಮ್ಕಾರ್ ಎಂಬ ಭದ್ರತಾ ತಜ್ಞರು ತೋರಿಸಿದರು. ಆದರೆ ಅದಕ್ಕೆ ವಿಶೇಷ ಸಾಧನ ಬೇಕು, ಜೊತೆಗೆ ಸರಿಯಾದ ಸಮಯವೂ ಕೂಡಿಬರಬೇಕು.

ಇದಕ್ಕಿಂತ ಸುಲಭವಾದ ಮೋಸ ಬೇರೆಯೇ ಇದೆ. ನೀವು ರಿಮೋಟ್ ಒತ್ತುವ ಹೊತ್ತಿಗೆ ಅದೇ ತರಂಗಾಂತರದಲ್ಲಿ ಗದ್ದಲ ಎಬ್ಬಿಸಿದರೆ ನಿಮ್ಮ ಸಂಕೇತ ಕಾರಿಗೆ ಕೇಳಿಸುವುದೇ ಇಲ್ಲ. ಲಾಕ್ ಆಯಿತು ಎಂದುಕೊಂಡು ನೀವು ಹೋಗುತ್ತೀರಿ, ಕಾರು ತೆರೆದೇ ಇರುತ್ತದೆ. ಇದಕ್ಕೆ ಪರಿಹಾರಕ್ಕೆ ದುಡ್ಡು ಬೇಕಿಲ್ಲ. ಇಂಡಿಕೇಟರ್ ಮಿನುಗಿತೇ ನೋಡಿ, ಲಾಕ್ ಬಿದ್ದ ಸದ್ದು ಕೇಳಿ, ಒಮ್ಮೆ ಬಾಗಿಲು ಎಳೆದು ನೋಡಿ, ಆಮೇಲೆ ಹೆಜ್ಜೆ ಹಾಕಿ. ಬ್ಯಾಟರಿ ಇಳಿದ ರಿಮೋಟ್‌ನಿಂದಾಗುವ ಯಡವಟ್ಟೂ ಇದರಿಂದಲೇ ಗೊತ್ತಾಗುತ್ತದೆ.

ಫಾಯಿಲ್ ಸುತ್ತುವುದರಲ್ಲಿ ಅರ್ಥವಿದೆಯೇ?

ಇದೆ, ಆದರೆ ಕೀಲಿ ಜೇಬಿನಲ್ಲಿದ್ದರೇ ಬಾಗಿಲು ತೆರೆಯುವ, ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳಿಗೆ ಮಾತ್ರ. ಈ ಕಾರುಗಳು ಸಣ್ಣ ವ್ಯಾಪ್ತಿಯ ರೇಡಿಯೋ ಸಂಕೇತ ಕಳಿಸಿ ‘ಕೀಲಿ ಹತ್ತಿರದಲ್ಲಿದೆಯೇ?’ ಎಂದು ಕೇಳುತ್ತವೆ. ಕೀಲಿ ಉತ್ತರ ಕೊಟ್ಟರೆ ಬಾಗಿಲು ತೆರೆಯುತ್ತದೆ. ಕಳ್ಳರು ಇಬ್ಬರಾಗಿ ಬಂದು, ಒಬ್ಬ ಕಾರಿನ ಬಳಿ, ಇನ್ನೊಬ್ಬ ನಿಮ್ಮ ಬಳಿ ನಿಂತು ಆ ಪ್ರಶ್ನೆಯನ್ನೂ ಉತ್ತರವನ್ನೂ ಸಾಧನಗಳ ಮೂಲಕ ದಾಟಿಸಿದರೆ ಕೀಲಿ ಪಕ್ಕದಲ್ಲೇ ಇದೆ ಎಂದು ಕಾರು ಮೋಸಹೋಗುತ್ತದೆ. ಇದಕ್ಕೆ ರಿಲೇ ದಾಳಿ ಎನ್ನುತ್ತಾರೆ. ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ಸಂಶೋಧಕರು 2011ರಲ್ಲಿ 10 ಮಾದರಿಯ ಕಾರುಗಳ ಮೇಲೆ ಇದನ್ನು ಪ್ರಯೋಗಿಸಿ ತೋರಿಸಿದ್ದರು.

ಲೋಹದಿಂದ ಪೂರ್ತಿ ಸುತ್ತುವರಿದ ಜಾಗಕ್ಕೆ ರೇಡಿಯೋ ಅಲೆಗಳು ಸುಲಭವಾಗಿ ನುಗ್ಗುವುದಿಲ್ಲ. ಇದೇ ಫ್ಯಾರಡೆ ಪಂಜರದ ತತ್ವ. ‘ಪೂರ್ತಿ’ ಎಂಬುದು ಇಲ್ಲಿ ಮುಖ್ಯ. ಸಡಿಲ ಮುಚ್ಚಳದ ಡಬ್ಬಿ, ಹರಿದ ಫಾಯಿಲ್ ಕೆಲಸಕ್ಕೆ ಬಾರದೇ ಹೋಗಬಹುದು. ಪರೀಕ್ಷೆ ಸುಲಭ: ಕೀಲಿಯನ್ನು ಅದರೊಳಗಿಟ್ಟು ಕಾರಿನ ಪಕ್ಕ ನಿಂತು ಬಾಗಿಲು ತೆರೆಯಲು ನೋಡಿ. ತೆರೆದರೆ ಆ ಡಬ್ಬಿ ಪ್ರಯೋಜನವಿಲ್ಲ. ಹೋಟೆಲ್ ಕೋಣೆಯಲ್ಲಿ ರಾತ್ರಿ ಮಲಗುವಾಗ ಕೀಲಿ ಇಡಲು ಇದು ಒಳ್ಳೆಯ ಉಪಾಯ. ಕೀಲಿ ತಿರುಗಿಸಿ ಸ್ಟಾರ್ಟ್ ಮಾಡುವ ಸಾಮಾನ್ಯ ಕಾರಿಗೆ ಇದರ ಅಗತ್ಯವಿಲ್ಲ.

ಹಾಗಾದರೆ ನಿಜವಾದ ಅಪಾಯ?

ಅದು ಕಿಟಕಿಯ ಗಾಜು. ಕಾರಿನ ಮುಂದಿನ ಗಾಜು ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಮಾಡಿದ್ದು, ಒಡೆದರೂ ಕಳಚಿ ಬೀಳುವುದಿಲ್ಲ. ಪಕ್ಕದ ಗಾಜುಗಳು ಸಾಮಾನ್ಯವಾಗಿ ಟಫನ್ಡ್ ಗಾಜು. ಇವು ಒಡೆದರೆ ಚೂಪಾದ ಚೂರುಗಳಾಗದೆ ಸಣ್ಣ ಹರಳುಗಳಾಗಿ ಉದುರುತ್ತವೆ. ಅಪಘಾತದಲ್ಲಿ ಜನರಿಗೆ ಗಾಯ ಕಡಿಮೆಯಾಗಲಿ, ಬೇಗ ಹೊರಬರಲಿ ಎಂದೇ ಹೀಗೆ ಮಾಡಿರುವುದು. ಅದೇ ಗುಣ ಕಳ್ಳನಿಗೂ ಅನುಕೂಲ. ಕೆಲವೇ ಸೆಕೆಂಡುಗಳಲ್ಲಿ ಗಾಜು ಉದುರಿಸಿ, ಬ್ಯಾಗ್ ಎತ್ತಿಕೊಂಡು ಹೋಗಬಹುದು. ಕೋಡ್, ಚೆಂಡು, ನಾಣ್ಯ ಯಾವುದೂ ಬೇಕಿಲ್ಲ.

ಪ್ರವಾಸಿ ತಾಣಗಳ ಪಾರ್ಕಿಂಗ್ ಇದಕ್ಕೆ ಹೇಳಿ ಮಾಡಿಸಿದ ಜಾಗ. ಬೆಟ್ಟ ಹತ್ತಲು ಹೋದವರು ಗಂಟೆಗಟ್ಟಲೆ ಬರುವುದಿಲ್ಲ ಎಂದು ನೋಡುವವರಿಗೆ ಗೊತ್ತು. ಬೇರೆ ಜಿಲ್ಲೆಯ ನಂಬರ್ ಪ್ಲೇಟ್ ಇದ್ದರೆ ಒಳಗೆ ಲಗೇಜ್ ಇದೆ ಎಂದೂ ಗೊತ್ತು. ಹಾಗಾಗಿ ಮೊದಲ ನಿಯಮ: ಹೊರಗಿನಿಂದ ಏನೂ ಕಾಣಬಾರದು. ಖಾಲಿ ಬ್ಯಾಗ್, ಮೊಬೈಲ್ ಚಾರ್ಜರ್ ಕೂಡ ಬೇಡ. ಬ್ಯಾಗ್ ಖಾಲಿ ಎಂದು ಗೊತ್ತಾಗುವುದು ಗಾಜು ಒಡೆದ ಮೇಲೆಯೇ.

ಎರಡನೆಯದು, ಸಾಮಾನನ್ನು ಡಿಕ್ಕಿಗೆ ಹಾಕುವುದು ಪಾರ್ಕಿಂಗ್ ಜಾಗದಲ್ಲಿ ಅಲ್ಲ. ಹೊರಡುವಾಗಲೇ ಅಥವಾ ದಾರಿಯ ಟೀ ನಿಲುಗಡೆಯಲ್ಲೇ ಹಾಕಿ. ಎಲ್ಲರೆದುರು ಕ್ಯಾಮೆರಾ ಬ್ಯಾಗ್ ಡಿಕ್ಕಿಗೆ ಇಟ್ಟರೆ ಅದು ಬಚ್ಚಿಟ್ಟಂತಲ್ಲ, ಎಲ್ಲಿದೆ ಎಂದು ತೋರಿಸಿದಂತೆ.

ಕಿಟಕಿ ಸ್ವಲ್ಪ ತೆರೆದಿಟ್ಟರೆ ತಂಪು?

ಬಿಸಿಲಲ್ಲಿ ನಿಲ್ಲಿಸುವಾಗ ಅನೇಕರು ಗಾಜನ್ನು ಎರಡು ಬೆರಳಷ್ಟು ಇಳಿಸುತ್ತಾರೆ. ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನಿಲ್ಲಿಸಿದ ಕಾರಿನ ಒಳಗಿನ ತಾಪ ಒಂದು ಗಂಟೆಯಲ್ಲಿ ಸರಾಸರಿ ಸುಮಾರು 22 ಡಿಗ್ರಿ ಸೆಲ್ಸಿಯಸ್ ಏರಿತ್ತು. ಅದರಲ್ಲಿ ಶೇ 80ರಷ್ಟು ಏರಿಕೆ ಮೊದಲ ಅರ್ಧ ಗಂಟೆಯಲ್ಲೇ ಆಗಿತ್ತು. ಕಿಟಕಿ ಸ್ವಲ್ಪ ತೆರೆದಿಟ್ಟಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಅಂದರೆ ತಂಪೂ ಸಿಗದು, ಭದ್ರತೆಯೂ ಹೋಯಿತು. ಗಾಜು ಪೂರ್ತಿ ಏರಿಸಿ. ಮಕ್ಕಳನ್ನು, ಸಾಕುಪ್ರಾಣಿಗಳನ್ನು ಐದು ನಿಮಿಷಕ್ಕೂ ಒಳಗೆ ಬಿಡಬೇಡಿ.

ಟ್ರ್ಯಾಕರ್ ಇದ್ದರೆ ಸಾಕೇ?

ಸಿಮ್ ಇರುವ ಜಿಪಿಎಸ್ ಟ್ರ್ಯಾಕರ್ ತನ್ನ ಜಾಗವನ್ನು ಉಪಗ್ರಹಗಳಿಂದ ತಿಳಿದರೂ ಅದನ್ನು ನಿಮಗೆ ಹೇಳಲು ಮೊಬೈಲ್ ನೆಟ್‌ವರ್ಕ್ ಬೇಕು. ಏರ್‌ಟ್ಯಾಗ್‌ನಂಥ ಪುಟ್ಟ ಬಿಲ್ಲೆಗಳು ಸುತ್ತಮುತ್ತ ಓಡಾಡುವವರ ಫೋನ್‌ಗಳನ್ನು ನಂಬಿಕೊಂಡಿರುತ್ತವೆ. ಊರೊಳಗೆ ಇವು ಚೆನ್ನಾಗಿ ಕೆಲಸ ಮಾಡುತ್ತವೆ, ಘಟ್ಟದ ಕಾಡುದಾರಿಯಲ್ಲಿ ಎರಡೂ ಸುಮ್ಮನಾಗಬಹುದು. ಟ್ರ್ಯಾಕರ್ ಕಳ್ಳತನವನ್ನು ತಡೆಯುವುದಿಲ್ಲ, ಹುಡುಕಲು ನೆರವಾಗುತ್ತದೆ ಅಷ್ಟೆ. ತಡೆಯಲು ಕಣ್ಣಿಗೆ ಕಾಣುವ ಸ್ಟೀರಿಂಗ್ ಲಾಕ್ ಅಥವಾ ಗೇರ್ ಲಾಕ್ ಹೆಚ್ಚು ಉಪಯುಕ್ತ. ಅದನ್ನು ಮುರಿಯಲು ಸಮಯ ಬೇಕು. ಸಮಯವೇ ಕಳ್ಳನ ಬಳಿ ಕಡಿಮೆ ಇರುವ ವಸ್ತು.

‘ಓನರ್ಸ್ ರಿಸ್ಕ್’ ಬೋರ್ಡ್ ಇದ್ದರೆ ಮುಗಿಯಿತೇ?

ಹಾಗೇನಿಲ್ಲ. ದೆಹಲಿಯ ಪಂಚತಾರಾ ಹೋಟೆಲ್ ಒಂದರಲ್ಲಿ 1998ರಲ್ಲಿ ಸಿಬ್ಬಂದಿಯ ಕೈಗೆ ಕೀಲಿ ಕೊಟ್ಟು ಪಾರ್ಕ್ ಮಾಡಿಸಿದ್ದ ಮಾರುತಿ ಜೆನ್ ಕಳುವಾಗಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್, ಕೀಲಿ ಪಡೆದು ಕಾರನ್ನು ವಶಕ್ಕೆ ತೆಗೆದುಕೊಂಡ ಹೋಟೆಲ್ ‘ಮಾಲೀಕರದ್ದೇ ಹೊಣೆ’ ಎಂದು ಚೀಟಿಯಲ್ಲಿ ಬರೆದ ಮಾತ್ರಕ್ಕೆ ತನ್ನ ನಿರ್ಲಕ್ಷ್ಯದ ಹೊಣೆಯಿಂದ ನುಣುಚಿಕೊಳ್ಳಲಾಗದು ಎಂದಿತು. ಆದ್ದರಿಂದ ಕೀಲಿ ಕೊಟ್ಟರೆ ಚೀಟಿ ಪಡೆಯಿರಿ, ಜೋಪಾನವಾಗಿ ಇಟ್ಟುಕೊಳ್ಳಿ. ನೀವೇ ನಿಲ್ಲಿಸಿ ಕೀಲಿ ಜೇಬಿಗಿಳಿಸಿಕೊಂಡು ಹೋದರೆ ಲೆಕ್ಕ ಬೇರೆ, ಕಾರು ಅವರ ವಶಕ್ಕೆ ಹೋಯಿತು ಎಂದು ತೋರಿಸುವುದು ಅಷ್ಟು ಸುಲಭವಲ್ಲ.

ಕಳುವಾದರೆ?

ಕೂಡಲೇ 112ಕ್ಕೆ ಕರೆ ಮಾಡಿ. ‘ಇದು ನಮ್ಮ ಠಾಣೆಯ ವ್ಯಾಪ್ತಿಯಲ್ಲ’ ಎಂದರೆ ಹಿಂದೆ ಬರಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ಇಂಥ ಅಪರಾಧದ ದೂರನ್ನು ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಕೊಡಬಹುದು. ಫಾಸ್ಟ್ಯಾಗ್ ಖಾತೆಯ ಮೆಸೇಜ್‌ಗಳ ಮೇಲೆ ಕಣ್ಣಿಡಿ. ಕಾರು ಟೋಲ್ ದಾಟಿದರೆ ಹಣ ಕಡಿತದ ಮೆಸೇಜ್ ನಿಮ್ಮ ಫೋನ್‌ಗೇ ಬರುತ್ತದೆ. ಪೊಲೀಸರಿಗೆ ಅದು ದೊಡ್ಡ ಸುಳಿವು. ಟ್ಯಾಗ್ ಬ್ಲಾಕ್ ಮಾಡುವ ಮೊದಲು ಅವರನ್ನು ಕೇಳಿ.

ವಿಮಾ ಕಂಪನಿಗೂ ಅಂದೇ ತಿಳಿಸಿ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಕಾರು ಕಳುವಾದರೂ ಪರಿಹಾರವಿಲ್ಲ. ಕಾಂಪ್ರಹೆನ್ಸಿವ್ ವಿಮೆ ಇದ್ದರೂ, ಒಳಗಿದ್ದ ಲ್ಯಾಪ್‌ಟಾಪ್, ಒಡವೆಗಳಿಗೆ ಸಾಮಾನ್ಯವಾಗಿ ಅದು ಅನ್ವಯಿಸುವುದಿಲ್ಲ. ಕ್ಲೇಮ್ ವೇಳೆ ಎರಡೂ ಕೀಲಿಗಳನ್ನು ಕೇಳುತ್ತಾರೆ. ಹಾಗಾಗಿ ಎರಡನೆಯ ಕೀಲಿ ಗ್ಲೌವ್ ಬಾಕ್ಸ್‌ನಲ್ಲಲ್ಲ, ಮನೆಯಲ್ಲಿರಲಿ. ಮೂಲ ಆರ್‌ಸಿಯೂ ಅಷ್ಟೆ. ತಪಾಸಣೆಗೆ ಡಿಜಿಲಾಕರ್‌ನಲ್ಲಿರುವ ಪ್ರತಿ ನಡೆಯುತ್ತದೆ. ಆರ್‌ಸಿಯಲ್ಲಿ ನಿಮ್ಮ ಮನೆಯ ವಿಳಾಸವಿದೆ. ಅದರ ಜೊತೆ ಮನೆಯ ಕೀಲಿಯನ್ನೂ ಕಾರಲ್ಲೇ ಬಿಟ್ಟಿದ್ದರೆ ಕಳ್ಳನಿಗೆ ಮುಂದಿನ ದಾರಿಯನ್ನೂ ತೋರಿಸಿದಂತೆ.

ಫಾರ್ವರ್ಡ್ ಮಾಡಲೇಬೇಕೆಂದರೆ ಇದನ್ನು ಮಾಡಿ

ಲಾಕ್ ಮಾಡಿ ಬಾಗಿಲು ಎಳೆದು ನೋಡಿ. ಗಾಜು ಪೂರ್ತಿ ಏರಿಸಿ. ಸೀಟಿನ ಮೇಲೆ ಏನೂ ಬಿಡಬೇಡಿ. ಸಾಮಾನು ಡಿಕ್ಕಿಗೆ ಹಾಕುವುದು ಪಾರ್ಕಿಂಗ್ ತಲುಪುವ ಮೊದಲು. ಬೆಳಕು, ಜನ, ಕಾವಲು ಇರುವಲ್ಲಿ ನಿಲ್ಲಿಸಿ. ಮೂಲ ಆರ್‌ಸಿ, ಎರಡನೆಯ ಕೀಲಿ ಮನೆಯಲ್ಲಿರಲಿ. ಏನಾದರೂ ಆದರೆ 112.